ನಮಾಜು ಮಾಡುತ್ತಿದ್ದ ಅಜ್ಜಿಯನ್ನು ಬದುಕಿಸಿದ ಅಪರಾಧ

ಮಾನ್ಯ ತರಬೇತಿ ಮುಖ್ಯಸ್ಥರೇ,

ನಮಾಜು ಮಾಡುತ್ತಿದ್ದ ಅಜ್ಜಿಯ ಪ್ರಾಣ ಉಳಿಸಲು ಹೋದ ತಪ್ಪಿಗೆ ನನಗೆ ಮೆಮೊ ಕೊಟ್ಟಿದ್ದೀರಿ. ‘ಸಾಂಸ್ಕೃತಿಕ ಅಜ್ಞಾನ’ ಎಂದು ಬರೆದಿದ್ದೀರಿ. ಒಪ್ಪುತ್ತೇನೆ. ಆದರೆ ಅದರಲ್ಲಿ ಅರ್ಧ ಪಾಲು ನಿಮ್ಮ ತರಬೇತಿಯದ್ದು. ಪರದೇಶದಿಂದ ಬಂದ ನಮಗೆ ಮೂರು ದಿನ ಇಲ್ಲಿನ ಭಾಷೆ ಕಲಿಸಿದಿರಿ. ರೈಲು ನಿಲ್ದಾಣ ಎಲ್ಲಿದೆ, ಈ ಅಂಗಿ ಬೇರೆ ಬಣ್ಣದಲ್ಲಿ ಸಿಗುತ್ತದೆಯೇ ಎಂದು ನಾನು ನಿರರ್ಗಳವಾಗಿ ಕೇಳಬಲ್ಲೆ. ಮೂಳೆ ವಾರ್ಡಿನಲ್ಲಿ ಇದನ್ನು ಯಾರನ್ನು ಕೇಳಲಿ? ಮುಸ್ಲಿಂ ರೋಗಿಗಳ ಬಗ್ಗೆ ಹೇಳಿದ್ದು ಒಂದೇ ಸಾಲು: ‘ಗೌರವದಿಂದ ನಡೆದುಕೊಳ್ಳಿ.’

ನಡೆದದ್ದಿಷ್ಟು. ಮಂಡಿ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜಿ ಮಧ್ಯಾಹ್ನ ಹಾಸಿಗೆಯಲ್ಲಿ ಕೂತಿದ್ದರು. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ನೋವಿದೆಯೇ ಎಂದು ಕೇಳಿದೆ, ಉತ್ತರವಿಲ್ಲ. ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ನನ್ನಮ್ಮ ಪ್ರಾರ್ಥನೆಯ ನಡುವೆಯೇ ಒಲೆ ಆರಿಸು ಎಂದು ಕೂಗುವವಳು. ಪ್ರಾರ್ಥಿಸುವವರು ಯಾರಿಗೂ ಉತ್ತರ ಕೊಡುವುದಿಲ್ಲವೆಂದು ನನಗೇನು ಗೊತ್ತು? ಅಷ್ಟರಲ್ಲಿ ಅಜ್ಜಿ ಮುಂದಕ್ಕೆ ಬಾಗಿದರು. ಕುಸಿದರೆಂದು ಹೌಹಾರಿ, ಹಿಡಿದು ದಿಂಬಿಗೆ ಒರಗಿಸಿದೆ. ಮತ್ತೆ ಬಾಗಿದರು, ಮತ್ತೆ ಒರಗಿಸಿದೆ. ಬಾಗುವುದು ಅವರ ಹಟ, ಒರಗಿಸುವುದು ನನ್ನ ಹಟ. ಕೊನೆಗೆ ತೋರುಬೆರಳೊಂದೇ ಎದ್ದಿತು. ಅದೂ ನಮಾಜಿನ ಭಾಗವೆಂದು ತಿಳಿಯದೆ, ಸೆಳೆತವೆಂದು ಬರೆದುಕೊಂಡು ತುರ್ತು ಗಂಟೆ ಒತ್ತಿದೆ. ನಾಲ್ವರು ವೈದ್ಯರು ತುರ್ತು ಚಿಕಿತ್ಸೆಯ ಗಾಡಿ ತಳ್ಳಿಕೊಂಡು ಎದ್ದುಬಿದ್ದು ಬಂದರು. ಅಜ್ಜಿ ನಿಧಾನವಾಗಿ ಮುಖವನ್ನು ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ನಮಾಜು ಮುಗಿಸಿದರು. ಆಮೇಲೆ ಬಾಯಿ ತೆರೆದರು. ಅವರ ಐದು ನಿಮಿಷದ ಮಾತನ್ನು ಓಡಿಬಂದ ಸೊಸೆ ನನಗೆ ಅನುವಾದಿಸಿದ್ದು ಹೀಗೆ: “ಬೈತಿದ್ದಾರೆ.”

ನಾನು ಕೈಮುಗಿದು ನಿಂತದ್ದನ್ನು ಕಂಡು ಅಜ್ಜಿಯೇ ಮೆತ್ತಗಾದರು. “ಇವಳಿಗೇನೂ ಅನ್ಬೇಡಿ. ನಾನು ಕರೆದ್ರೆ ನನ್ನ ಮಕ್ಕಳೂ ಇಷ್ಟು ಓಡಿ ಬರಲ್ಲ,” ಎಂದು ವೈದ್ಯರಿಗೆ ಹೇಳಿದರಂತೆ. ಸೊಸೆಯ ಮೂಲಕ ನನಗೊಂದು ಉಪಾಯವನ್ನೂ ಹೇಳಿಕೊಟ್ಟರು: “ಮಂಚದ ಕಂಬಿಗೆ ಬಿಳಿ ಕರ್ಚೀಫು ಕಟ್ಟಿದ್ರೆ ನಮಾಜು. ಬಿಚ್ಚಿದ್ರೆ ನಿನ್ನ ಸೂಜಿ. ಆಯ್ತಾ ಮಗಳೇ?”

ಐದು ದಿನ ಸಲೀಸಾಗಿ ನಡೆಯಿತು. ಪಕ್ಕದ ಮಂಚಗಳವರೂ ತಮ್ಮ ತಮ್ಮ ಪ್ರಾರ್ಥನೆಯ ಹೊತ್ತಿಗೆ ಕಟ್ಟಿದರು. ಸೂಜಿಗೆ ಹೆದರಿ ಇಡೀ ದಿನ ಕರ್ಚೀಫು ಬಿಚ್ಚದ ಒಬ್ಬಾಕೆಯನ್ನು ಅಜ್ಜಿ ಕೂತಲ್ಲಿಂದಲೇ ಗದರಿ ಬಿಚ್ಚಿಸಿದರು. ಆರನೆಯ ದಿನ ನಿಮ್ಮ ಕಚೇರಿ ಅವನ್ನೆಲ್ಲ ‘ಅನಧಿಕೃತ ಬಟ್ಟೆ’ ಎಂದು ಹೊತ್ತೊಯ್ದಿತು. ಹಿಂದೆಯೇ ನನಗೆ ಮೆಮೊ: ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಊರಿಗೆ ಕಳಿಸಬೇಕೋ ಎಂದು ತಿಂಗಳ ಕೊನೆಗೆ ತೀರ್ಮಾನವಂತೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ. ಈ ಕೆಲಸ ನನಗೆ ಇಷ್ಟ.

ಆದ್ದರಿಂದ ಮೆಮೊ ಹಿಂತೆಗೆದುಕೊಳ್ಳಿ, ಕರ್ಚೀಫುಗಳನ್ನು ವಾಪಸು ಕೊಡಿ, ಮುಂದಿನ ತರಬೇತಿಗೆ ಅಜ್ಜಿಯನ್ನು ಕರೆಸಿ. ಅವರ ಇನ್ನೊಂದು ಮಂಡಿ ಬಾಕಿ ಇದೆ, ನಾನಿದ್ದರಷ್ಟೇ ಬರುತ್ತಾರಂತೆ. ನನ್ನನ್ನು ಕಳಿಸಿದರೆ ಕುಂಟಿಕೊಂಡಾದರೂ ನಿಮ್ಮ ಕಚೇರಿಗೆ ಬಂದು ಮಾತಾಡುತ್ತಾರಂತೆ. ನನಗಾದರೆ ಅವರ ಭಾಷೆ ಬರುವುದಿಲ್ಲ, ಬಚಾವಾದೆ. ನಿಮಗೆ ಒಂದೊಂದು ಮಾತೂ ಅರ್ಥವಾಗುತ್ತದೆ.

ಇಂತಿ,
ಬದುಕಿದ್ದವರನ್ನೇ ಬದುಕಿಸಲು ಹೋದ,
ಮೂಳೆ ವಾರ್ಡಿನ ಪರದೇಶಿ ನರ್ಸ್