ಹುಡುಗನನ್ನು ವಿಚಾರಿಸಲು ಬಂದವರು

ಆನಂದಪುರ
೧೨-೩-೧೯೭೯

ನೌಕಾಪಡೆಯ ತನಿಖಾಧಿಕಾರಿಗಳಿಗೆ, ನಿಮ್ಮ ಹಡಗಿನ ಅಡುಗೆಯವ ಲೋಕಪ್ಪನ ತಂದೆ ಮಾಸ್ತಪ್ಪ ಮಾಡುವ ನಮಸ್ಕಾರಗಳು.

ನನ್ನ ಮಗ ಸಮುದ್ರದ ಮೇಲೆ ಏನೋ ಹಾರುವುದನ್ನು ಕಂಡನಂತೆ. ಅದರ ತನಿಖೆಗೆ ನೀವು ಕಳಿಸಿದ ಇಬ್ಬರು ಯಾರೆಂದೇ ಹೇಳದೆ, ‘ಹುಡುಗ ಕುಡೀತಾನಾ? ಕಣ್ಣು ಚೆನ್ನಾಗಿದೆಯಾ? ಮನೆತನದಲ್ಲಿ ಹುಚ್ಚಿದೆಯಾ?’ ಎಂದು ಬೀದಿಯಲ್ಲೆಲ್ಲ ಕೇಳಿದರು. ಹೆಣ್ಣಿನ ಕಡೆಯವರಲ್ಲದೆ ಇನ್ಯಾರು ಸ್ವಾಮಿ ಹೀಗೆ ಕೇಳುವುದು? ನನ್ನ ಹೆಂಡತಿ ಕೇಸರಿಬಾತು ಮಾಡಿ ಕೊಟ್ಟಳು. ತಿಂದರು, ಆಗಲೂ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಯಮುನಮ್ಮ ‘ಅವಂದು ಹದ್ದಿನ ಕಣ್ಣು ಕಣ್ರೀ’ ಅಂದಳು. ನಾನೂ ತಲೆಯಾಡಿಸಿದೆ.

ಕನ್ನಡಕವಿಲ್ಲದಿದ್ದರೆ ಅವನಿಗೆ ಎದುರು ನಿಂತ ಬಸ್ಸಿನ ಬೋರ್ಡೂ ಕಾಣುವುದಿಲ್ಲ. ಮದುವೆಗಿರುವ ಗಂಡಿನ ಬಗ್ಗೆ ಅಂಥದ್ದನ್ನು ಯಾರಾದರೂ ಹೇಳುತ್ತಾರೆಯೇ?

‘ಕನ್ನಡಕ ಹಾಕಿರಲಿಲ್ಲ, ಏನೆಂದು ಗೊತ್ತಾಗಲಿಲ್ಲ’ ಎಂದು ಅವನು ಮೊದಲೇ ನಿಮಗೆ ಹೇಳಿದ್ದನಂತೆ; ಅವನ ಕಾಗದ ಬಂದ ಮೇಲೆ ನಮಗೆ ಇದೆಲ್ಲ ತಿಳಿಯಿತು. ನೀವು ನಮ್ಮ ಮಾತು ನಂಬಿ, ಅವನು ಹೆದರಿ ಮುಚ್ಚಿಡುತ್ತಿದ್ದಾನೆಂದುಕೊಂಡು, ಅವನನ್ನೇ ಮುಖ್ಯ ಸಾಕ್ಷಿ ಮಾಡಿ, ರಜೆ ಕೊಡದೆ ಕೂರಿಸಿಕೊಂಡಿದ್ದೀರಿ. ಇಷ್ಟು ಜನರಲ್ಲಿ ನಿಜ ಹೇಳಿದವನು ಅವನೊಬ್ಬನೇ.

ನಿಜವಾದ ಹೆಣ್ಣಿನ ಕಡೆಯವರು ಯುಗಾದಿ ಕಳೆದ ಮೇಲೆ ಹೊಸನಗರದಿಂದ ಬರುತ್ತಾರೆ. ಅಷ್ಟರೊಳಗೆ ದಯವಿಟ್ಟು ಅವನನ್ನು ಕಳಿಸಿಕೊಡಿ. ಕಳಿಸುವಾಗ ಕನ್ನಡಕವನ್ನು ಟ್ರಂಕಿನ ತಳದಲ್ಲಿಡಲು ಹೇಳಿ.

ಇತಿ ತಮ್ಮ ವಿಧೇಯ,
ಮಾಸ್ತಪ್ಪ