ಪೆಟ್ಟು ತಿಂದ ತಲೆಗೆ ಮೈದಾನ ಬೇಡ

ಮಾನ್ಯ ಕ್ರೀಡಾ ನಿರ್ದೇಶಕರೇ,

ಫೈನಲ್ ಪಂದ್ಯದ ನಡುವೆ ನಮ್ಮ ಕಾಲೇಜಿನ ಗೋಲ್‌ಕೀಪರ್ ಹುಡುಗಿಯನ್ನು ಹೊರಗೆ ಕರೆದೆನೆಂದು, ಅದರಿಂದ ಕಪ್ ಕೈತಪ್ಪಿತೆಂದು, ತಾವು ನನ್ನನ್ನು ಫುಟ್‌ಬಾಲ್ ಕೋಚ್ ಕೆಲಸದಿಂದ ತೆಗೆದಿದ್ದೀರಿ. ತೆಗೆಯಿರಿ. ಆದರೆ ಬರುವ ಭಾನುವಾರ ಅದೇ ಹುಡುಗಿಯನ್ನು ಮತ್ತೆ ಗೋಲಿನ ಮುಂದೆ ನಿಲ್ಲಿಸಲು ಹೊರಟಿದ್ದೀರಲ್ಲ, ಅದಕ್ಕಾಗಿ ನಾಲ್ಕು ಜನ ಓದುವಂತೆ ಇದನ್ನು ಬರೆಯುತ್ತಿದ್ದೇನೆ. ತಮ್ಮ ಕಚೇರಿಗೂ ಬಂದು ಹೇಳಿದ್ದೆ. "ಗಟ್ಟಿ ಹುಡುಗಿ ಕಣ್ರೀ ಅವಳು, ಏನೂ ಆಗಲ್ಲ" ಎಂದಿರಿ. ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯುತ್ತಾರೆಯೇ? ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಮರಳಿದೆ.

ಅಂದು ತಾವು ಗಣ್ಯರ ಸಾಲಿನಲ್ಲಿ, ನೆರಳಿನಲ್ಲಿ ಕುಳಿತಿದ್ದಿರಿ. ಅಲ್ಲಿಂದ ಕಂಡದ್ದು ಇಷ್ಟು: ಕಾರ್ನರ್ ಕಿಕ್ ಬಂತು, ಹುಡುಗಿ ಚೆಂಡಿಗೆ ಹಾರಿದಳು, ತಲೆ ಕಂಬಕ್ಕೆ ಬಡಿಯಿತು, ಎದ್ದು ನಿಂತಳು, ಜನ ಚಪ್ಪಾಳೆ ತಟ್ಟಿದರು. ನಾನು ಓಡಿಹೋಗಿ, ತಲೆಗೆ ಪೆಟ್ಟು ಬಿದ್ದವರನ್ನೆಲ್ಲ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ.

"ನಾವು ಯಾವ ಕಡೆ ಗೋಲ್ ಹೊಡೀಬೇಕಮ್ಮಾ?"

ಅವಳು ನಗುತ್ತಾ ತನ್ನ ಬೆನ್ನ ಹಿಂದಿನ ಬಲೆಯನ್ನೇ ತೋರಿಸಿದಳು. "ಇಲ್ಲೇ ಅಲ್ವಾ ಸರ್? ಚೆನ್ನಾಗಿದೀನಿ ನಾನು, ಆಡ್ತೀನಿ."

ಕಾಯಬೇಕಾದ ಗೋಲು ಯಾವುದೆಂದೇ ಗೋಲ್‌ಕೀಪರ್‌ಗೆ ನೆನಪಿಲ್ಲ. ಇದಕ್ಕಿಂತ ಇನ್ನಾವ ಪರೀಕ್ಷೆ ಬೇಕಿತ್ತು ತಮಗೆ? ಕೈಹಿಡಿದು ಹೊರಗೆ ಕರೆತಂದೆ. ಬದಲಿಗೆ ಇಳಿದವಳ ಕೈಯಿಂದ ಚೆಂಡು ಜಾರಿತು, ಸೋತೆವು. ತಮ್ಮ ಆದೇಶದಲ್ಲಿ ಇದಕ್ಕೆ 'ಹೋರಾಟದ ಮನೋಭಾವದ ಕೊರತೆ' ಎಂದು ಹೆಸರಿಟ್ಟಿದ್ದೀರಿ. ತಲೆ ಅವಳದು, ಮನೋಭಾವ ತಮ್ಮದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ ಇರಬೇಕು.

ನಿನ್ನೆ ಅವಳ ಮನೆಗೆ ಹೋಗಿದ್ದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಹಗಲಲ್ಲೇ ಪರದೆ ಎಳೆದಿದ್ದರು. ತಾಯಿ ಬಟ್ಟೆ ಹೊಲಿಯುವವರು. ಮೆಷಿನ್ನಿನ ಸದ್ದಿಗೆ ಮಗಳು ತಲೆ ಹಿಡಿದುಕೊಳ್ಳುತ್ತಾಳೆಂದು ಅದನ್ನು ಹೊರಗೆ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದಾರೆ.

"ಒಲೆ ಮೇಲಿರೋದಕ್ಕೆ ಉಪ್ಪು ಹಾಕ್ತಾಳೆ, ತಿರುಗಿ ಬಂದು ಮತ್ತೆ ಹಾಕ್ತಾಳೆ. ಕೇಳಿದ್ರೆ, ನಾನು ಹಾಕೇ ಇಲ್ಲ ಅಂತಾಳೆ" ಎಂದರು ಆ ತಾಯಿ. "ಹೊಸ ಕೋಚ್ ಬಂದಿದ್ರು. ಭಾನುವಾರ ಆಡದೇ ಇದ್ರೆ ಟೀಮಲ್ಲಿ ಜಾಗ ಇರಲ್ಲ, ಕಾಲೇಜಲ್ಲಿ ಸೀಟು ಸಿಕ್ಕಿರೋದೂ ಆಟದಿಂದಲೇ, ನೋಡ್ಕೊಳ್ಳಿ ಅಂದ್ರು. ನೀವೇ ಹೇಳಿ ಸರ್, ನಾನೇನ್ ಮಾಡ್ಲಿ?"

ಕಳಿಸಬೇಡಿ ಎಂದೆ. ಒಳಗಿನಿಂದ ಹುಡುಗಿ, "ನೀವೀಗ ನಮ್ಮ ಕೋಚ್ ಅಲ್ವಲ್ಲ ಸರ್" ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.  ಚಪ್ಪಲಿ ಮೆಟ್ಟಿ ಹೊರಟುಬಂದೆ.

ನಿರ್ದೇಶಕರೇ, ತಮ್ಮ ಕುರ್ಚಿಯ ಹಿಂದೆ ಒಂದು ಫೋಟೊ ತೂಗುಹಾಕಿದ್ದೀರಿ. ಸೆಮಿಫೈನಲ್ ಗೆದ್ದ ಸಂಜೆ ತೆಗೆಸಿದ, ನಮ್ಮ ಕಾಲೇಜು ದಿನಗಳ ತಂಡ. ನಡುವೆ ನಾಯಕರಾಗಿ ತಾವು, ತುದಿಯಲ್ಲಿ ನಾನು. ತಮ್ಮ ಹೆಗಲ ಮೇಲೆ ಕೈಯಿಟ್ಟು ನಿಂತವನು ನಮ್ಮ ಡಿಫೆಂಡರ್. 'ಗೋಡೆ' ಎಂದೇ ಕರೆಯುತ್ತಿದ್ದೆವು. ಆ ಪಂದ್ಯದಲ್ಲಿ ಪೆಟ್ಟು ತಿಂದ ಅವನ ಹಣೆಗೆ ಪಟ್ಟಿಯಿದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವನು ಇನ್ನೆಲ್ಲೋ ನೋಡುತ್ತಿದ್ದಾನೆ. ಫೈನಲ್ ದಿನ ತಾವು, "ಏನೋ, ಆಡ್ತೀಯಲ್ವಾ?" ಎಂದಿರಿ. "ಆಡ್ದೆ ಇರ್ತೀನಾ?" ಎಂದ. ಮೊದಲ ಸಲ ಚೆಂಡಿಗೆ ತಲೆ ಕೊಟ್ಟವನು, ಬೂಟಿನ ದಾರ ಕಟ್ಟಲು ಕೂತವನ ಹಾಗೆ ಕೂತ. ಮತ್ತೆ ಏಳಲಿಲ್ಲ. ಭುಜ ತಾವು ಹಿಡಿದಿರಿ, ಕಾಲು ನಾನು ಹಿಡಿದೆ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ತಲೆ ತಾಳದೆಂದು ಅಂದು ತಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಸಾವನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಈಗ ಇಬ್ಬರಿಗೂ ಗೊತ್ತಿದೆ. ನಾನು ಕೋಚ್ ಆದದ್ದೇ ಅಂದು ಯಾರೂ ಅವನಿಗೆ ಕೇಳದ ಆ ಒಂದು ಪ್ರಶ್ನೆ ಕೇಳುವುದಕ್ಕೆ. ಕೇಳಿದೆ, ಕೆಲಸ ಕಳೆದುಕೊಂಡೆ.

ಕೆಲಸ ಮರಳಿ ಕೊಡಿ ಎನ್ನುತ್ತಿಲ್ಲ. ವೈದ್ಯರು ಒಪ್ಪುವವರೆಗೆ ಆ ಹುಡುಗಿಯನ್ನು ಮೈದಾನಕ್ಕೆ ಇಳಿಸಬೇಡಿ. ಅವಳ ಸೀಟಿನ ತಂಟೆಗೆ ಹೋಗಬೇಡಿ. ಇದು ಆಗದು ಎಂದಾದರೆ, ಭಾನುವಾರ ಗಣ್ಯರ ಸಾಲು ಬಿಟ್ಟು ಗೋಲಿನ ಪಕ್ಕ ಬಂದು ನಿಲ್ಲಿ. ನಾನೂ ಬಂದಿರುತ್ತೇನೆ. ಅವಳು ಬಿದ್ದರೆ ಎತ್ತಲು ಇಬ್ಬರು ಬೇಕಾಗುತ್ತಾರೆ, ಮತ್ತು ಆ ಕೆಲಸ ನಮ್ಮಿಬ್ಬರಿಗೂ ಗೊತ್ತಿದೆ.

ಇಂತಿ,
ಕಪ್ ಕಳೆದ ಮಾಜಿ ಕೋಚ್,
ಒಂದು ಕಾಲದಲ್ಲಿ ತಾವು 'ಎಡಗಾಲ' ಎಂದು ಕೂಗಿ ಚೆಂಡು ಕೊಡುತ್ತಿದ್ದವನು