ಸತ್ತ ಬೋರ್‌ವೆಲ್‌ನ ಮುಚ್ಚಳ

ಅಕ್ಟೋಬರ್ 14, ಸೋಮವಾರ

ಬೆಳಗ್ಗೆ ಮೂರು ಪೇಪರ್ ಮುಗಿಸಿದೆ. ನಮ್ಮ ಪತ್ರಿಕೆಯ ಶೀರ್ಷಿಕೆಯಲ್ಲಿ ಮತ್ತೆ ತಪ್ಪು. ಎರಡನೇ ಕಾಫಿ ಕೇಳಿದೆ, ಹೆಂಡತಿ ಸುಬ್ಬು ಕೊಡಲಿಲ್ಲ.

ಮಧ್ಯಾಹ್ನ ಲ್ಯಾಬ್ ವರದಿ ಬಂತು. ಪೀಣ್ಯದ ಹಿಂಬದಿಯ ಕಾರೇಕಲ್ಲು ಲೇಔಟ್, ಬೋರ್‌ವೆಲ್ ನೀರು. ಕ್ರೋಮಿಯಂ ಇದೆ. ಮಿತಿಗಿಂತ ಎಷ್ಟೋ ಪಟ್ಟು. ಪ್ಲೇಟಿಂಗ್ ಯೂನಿಟ್‌ಗಳಲ್ಲಿ ಕಬ್ಬಿಣಕ್ಕೆ ಹೊಳಪು ಕೊಡಲು ಬಳಸುವುದು. ಬಕೆಟ್ಟಿನಲ್ಲಿ ನೀರು ಹಳದಿ ಕಾಣುತ್ತದೆ, ಮೈ ಕೆರೆಯುತ್ತದೆ ಎಂದು ಅಲ್ಲಿಯ ಜನ ಹೇಳುತ್ತಿದ್ದದ್ದು ಸುಳ್ಳಲ್ಲ.

ಬ್ಯೂರೋದಲ್ಲಿ ಹೇಮಲತಾ ಮೇಡಂ ಕನ್ನಡಕ ಏರಿಸಿ ಓದಿದರು. ನಮ್ಮ ಚೀಫ್ ಹೊಗಳುವ ಪೈಕಿ ಅಲ್ಲ.

"ನೀರು ಹಳದಿ ಅನ್ನೋದು ಸುದ್ದಿ ಕಣ್ರೀ ಶ್ಯಾಮ್. ಹಳದಿ ಮಾಡಿದ್ದು ಯಾರು ಅನ್ನೋದು ಸ್ಟೋರಿ. ಯಾವುದು ತರ್ತೀರಾ?"

ಎರಡನೆಯದು ಎಂದೆ.

ಅಕ್ಟೋಬರ್ 17, ಗುರುವಾರ

ಪೀಣ್ಯ. ದಿನವಿಡೀ ಮಳೆ. ಪ್ಲೇಟಿಂಗ್ ಯೂನಿಟ್ ಒಂದೊಂದಕ್ಕೂ ಹತ್ತಿ ಇಳಿದೆ. ಆಸಿಡ್ ನೀರು ಏನು ಮಾಡುತ್ತೀರಿ ಎಂದರೆ ಎಲ್ಲರದೂ ಒಂದೇ ಉತ್ತರ— ಸಂಘದ ಟ್ಯಾಂಕರ್ ಒಯ್ಯುತ್ತದೆ. ಎಲ್ಲಿಗೆ?

"ನಿಮ್ಮನೆ ಕಸದ ಗಾಡಿ ಎಲ್ಲಿಗೋಗುತ್ತೆ ಅಂತ ನೀವ್ ಯಾವತ್ತಾದ್ರೂ ಕೇಳಿದೀರಾ ಸಾರ್?" ಎಂದ ಒಬ್ಬ ಮಾಲೀಕ.

ಸಂಘ ಎಂದರೆ ಟ್ಯಾಂಕರ್ ಮಾಲೀಕರ ಸಂಘ. ಅಧ್ಯಕ್ಷ ಹನುಮಂತರಾಯಪ್ಪ. ಮೂಲ ಊರಿನವನು, ಅರ್ಧ ಕಾರೇಕಲ್ಲು ಅವನ ಹೊಲವಾಗಿತ್ತು. ಈಗ ಶೆಡ್ ಬಾಡಿಗೆ, ಟ್ಯಾಂಕರ್. ಹೊರಗಿನ ಟ್ಯಾಂಕರ್ ಪೀಣ್ಯದೊಳಗೆ ಬರುವಂತಿಲ್ಲ. ಹೋದ ವರ್ಷ ಒಬ್ಬ ಡ್ರೈವರ್ ಬಂದ. ಕಾಲು ಮುರಿಯಿತು. ಟ್ಯಾಂಕರ್ ಮೇಲಿಂದ ಬಿದ್ದೆ ಎಂದು ಅವನೇ ಹೇಳಿಕೆ ಕೊಟ್ಟ.

ಟೀ ಅಂಗಡಿಯಲ್ಲಿ ಪಕ್ಕದವನು ಹೇಳಿದ್ದು: "ಪೀಣ್ಯದಲ್ಲಿ ಕೊಳಕು ನೀರಿಗೂ ಒಬ್ಬ ಯಜಮಾನ ಇದಾನೆ ಗುರು."

ಒಳ್ಳೆಯ ನೀರಿಗೂ ಅವನೇ. ಬೋರ್‌ವೆಲ್ ಕೆಟ್ಟ ಮೇಲೆ ಕಾರೇಕಲ್ಲಿಗೆ ಕುಡಿಯುವ ನೀರು ಮಾರುತ್ತಿರುವುದೂ ಅವನ ಟ್ಯಾಂಕರ್‌ಗಳೇ.

ಅಕ್ಟೋಬರ್ 19, ಶನಿವಾರ

ಒಬ್ಬ ಮಾತಾಡಿದ. ಶಶಿಕುಮಾರ್. ಗ್ರಿಲ್, ಗೇಟು ಮಾಡುವ ವೆಲ್ಡಿಂಗ್ ಶೆಡ್. ಮನೆ ಕಾರೇಕಲ್ಲಿನಲ್ಲೇ. ಮಗಳ ಮೊಣಕೈ, ಕತ್ತು ಎಲ್ಲ ಕೆಂಪು ದದ್ದು. ಅದಕ್ಕೇ ಮಾತಾಡಿದ.

"ಸತ್ತೋಗಿರೋ ಬೋರ್‌ವೆಲ್‌ಗೆ ಮುಚ್ಚಳ ಮಾಡ್ಕೊಡು ಅಂದ್ರು ಸಾರ್. ಮಕ್ಳು ಗಿಕ್ಳು ಬೀಳ್ತವಲ್ಲ, ಒಳ್ಳೇ ಕೆಲ್ಸ ಅಂದ್ಕೊಂಡೆ. ಆಮೇಲೆ ಅದ್ರ ಮೇಲೆ ಪೈಪು ಸಿಕ್ಕಿಸೋ ಮೂರಿಂಚಿನ ಕಪ್ಲಿಂಗ್ ಇಡು ಅಂದ್ರು. ಮುಚ್ಚಳಕ್ಕೆ ಯಾಕಣ್ಣ ಪೈಪು ಅಂದೆ. ಮಳೆ ನೀರು ಇಂಗ್ಸೋಕೆ ಅಂದ ಹನುಮಂತರಾಯಪ್ಪ."

"ನಂಬಿದ್ರಾ?"

"ಮಳೆ ಆಕಾಶದಿಂದ ಬರುತ್ತೆ ಸಾರ್. ಟ್ಯಾಂಕರ್ ಪೈಪಿನ ಅಳತೆಗೆ ಬರುತ್ತಾ?"

ಹೆಸರು ಬರೆಯಬೇಡಿ ಎಂದ. ಖಂಡಿತ ಬರೆಯುವುದಿಲ್ಲ ಎಂದೆ. ಹೆಂಡತಿ ವನಜಾ ಟೀ ತಂದರು. ಕ್ಯಾನ್ ನೀರಿನದು ಎಂದು ಹೇಳಿಯೇ ಕೊಟ್ಟರು.

ಅಕ್ಟೋಬರ್ 23, ಬುಧವಾರ

ನೋಡಿದೆ. ಹಾಡುಹಗಲು. ಹನುಮಂತರಾಯಪ್ಪನ ಖಾಲಿ ಸೈಟು, ಸುತ್ತ ಕಾಂಪೌಂಡ್. ಎದುರು ಮನೆಯ ತಾರಸಿಯಲ್ಲಿ ಒಣಗುವ ಬಟ್ಟೆಗಳ ನಡುವೆ ನಿಂತೆ. ಪ್ಲೇಟಿಂಗ್ ಯೂನಿಟ್‌ನಲ್ಲಿ ತುಂಬಿಸಿಕೊಂಡ ಟ್ಯಾಂಕರ್ ನೇರ ಅಲ್ಲಿಗೇ ಬಂತು. ಮೂಲೆಯಲ್ಲಿ ಶೀಟು ಹೊದಿಸಿದ ಪುಟ್ಟ ಕೋಣೆ, ಶಶಿ ಹೇಳಿದ ಸತ್ತ ಬೋರ್‌ವೆಲ್ ಅದರೊಳಗೆ. ಪೈಪು ಅದರ ಬಾಗಿಲೊಳಗೆ ಹೋಯಿತು. ಒಳಗಿನದು ಕಾಣುವುದಿಲ್ಲ. ಬಾಗಿಲ ಮೇಲೆ ಹಸಿರು ಬೋರ್ಡು— 'ಮಳೆನೀರು ಇಂಗುಗುಂಡಿ. ಜಲವೇ ಜೀವ'.

ವಿಡಿಯೊ ಇದೆ. ಟ್ಯಾಂಕರ್ ನಂಬರ್ ಇದೆ. ಖಾಲಿಯಾಗಿ ಹೊರಟದ್ದೂ ಇದೆ.

ಅಕ್ಟೋಬರ್ 28, ಸೋಮವಾರ

ಕಾಪಿ ಸಿದ್ಧ. ಮೇಡಂ ಎರಡು ಸಲ ಓದಿದರು. "ಅವನ ಪ್ರತಿಕ್ರಿಯೆ ತಗೊಳ್ಳಿ. ಆರೋಪ ಒಂದೊಂದೂ ಅವನ ಮುಂದೆ ಇಟ್ಟಿರ್ಬೇಕು. ನಾಳೆ ಕೋರ್ಟಿಗೆ ಹೋದ್ರೆ ಕೇಳೋದು ಅದನ್ನೇ."

ನಿಯಮ ಅದೇ. ಯಾರ ಮೇಲೆ ಬರೆಯುತ್ತೇವೋ ಅವರನ್ನು ಕೇಳದೆ ಬರೆಯುವುದಿಲ್ಲ. ಫೋನ್ ಮಾಡಿದೆ.

"ಏನ್ ಸಾರ್, ಊಟ ಆಯ್ತಾ? ಅಬ್ಬಕ್ಕೆ ಮನೇಗ್ ಬರ್ಬೇಕು ನೀವು. ಒಬ್ಬಟ್ಟು ಮಾಡ್ಸಿರ್ತೀನಿ."

ಪ್ರಶ್ನೆ ಒಂದೊಂದಾಗಿ ಕೇಳಿದೆ. ಟ್ಯಾಂಕರ್ ಎಲ್ಲಿ ಖಾಲಿ ಮಾಡುತ್ತೀರಿ? ಟ್ರೀಟ್‌ಮೆಂಟಿಗೆ ಕಳಿಸ್ತೀವಿ. ಸೈಟಿಗೆ ಬಂದದ್ದು ನೋಡಿದ್ದೇನೆ. ಡ್ರೈವರ್ ಊಟಕ್ಕೆ ನಿಲ್ಸಿರ್ತಾನೆ. ಇಂಗುಗುಂಡಿಯ ಮುಚ್ಚಳಕ್ಕೆ ಮೂರಿಂಚಿನ ಕಪ್ಲಿಂಗ್ ಯಾಕೆ ಇಡಿಸಿದ್ದೀರಿ?

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ ನಕ್ಕ.

"ಅಯ್ಯೋ, ಅದೂ ಗೊತ್ತಾ ನಿಮ್ಗೆ! ಬಾಳ ಇವರವಾಗಿ ತಿಳ್ಕಂಡಿದೀರ. ಒಳ್ಳೇದಾಗ್ಲಿ ಸಾರ್."

ಉತ್ತರವನ್ನು ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಹಾಕಿದೆ. ಚಡಪಡಿಸಿದ ಎಂದುಕೊಂಡೆ. ಖುಷಿಯಾಯಿತು.

ಅಕ್ಟೋಬರ್ 29, ಮಂಗಳವಾರ

ಹಲ್ಲುಜ್ಜುವಾಗ ಹೊಳೆಯಿತು. ಬ್ರಷ್ ಹಾಗೇ ಬಾಯಲ್ಲಿ.

ತಾರಸಿಯಿಂದ ಕಪ್ಲಿಂಗ್ ಕಾಣುವುದಿಲ್ಲ. ಕೋಣೆಗೆ ಬೀಗ. ಮಾಡಿದವನಿಗೆ ಗೊತ್ತು, ಮಾಡಿಸಿದವನಿಗೆ ಗೊತ್ತು, ಅವನ ನೆಚ್ಚಿನ ಡ್ರೈವರ್‌ಗೆ ಗೊತ್ತು. ಹನುಮಂತರಾಯಪ್ಪನ ಎದುರೇ ಶಶಿ ಒಬ್ಬನೇ ಅದನ್ನು ಕೂರಿಸಿದ್ದು.

ಅಂದರೆ ಮಾತಾಡಿದವನು ಯಾರೆಂದು ನಾನೇ ಫೋನ್ ಮಾಡಿ ಹೇಳಿದ ಹಾಗಾಯಿತು. ಪ್ರಶ್ನೆಯ ರೂಪದಲ್ಲಿ.

ಶಶಿ ಫೋನ್ ಎತ್ತುತ್ತಿಲ್ಲ. ಮೇಡಂಗೆ ಹೇಳಿದೆ. ಕಾಪಿ ಮಡಚಿ ಡ್ರಾಯರಿಗೆ ಹಾಕಿದರು. "ಸ್ಟೋರಿ ನಿಲ್ಸಿ. ಮೊದಲು ಅವನು ಎಲ್ಲಿದಾನೆ ನೋಡಿ."

ಶೆಡ್ಡಿಗೆ ಹೋದೆ. ಬಾಗಿಲು ಹಾಕಿತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದಾರೆ ಎಂದರು ಪಕ್ಕದವರು. ಇರಲಿ. ಹಾಗೇ ಇರಲಿ.

ನವೆಂಬರ್ 1, ಶುಕ್ರವಾರ

ರಾಜ್ಯೋತ್ಸವ. ಕಾರೇಕಲ್ಲು ಸರ್ಕಲ್ಲಿನಲ್ಲಿ ಹೊಸ ಫ್ಲೆಕ್ಸ್, ಎರಡು ಆಳೆತ್ತರ. ಕೈ ಮುಗಿದ ಹನುಮಂತರಾಯಪ್ಪ. ಕೆಳಗೆ 'ಶುಭ ಕೋರುವವರು'— ಸಾಲು ಮುಖಗಳು. ಟ್ಯಾಂಕರ್ ಮಾಲೀಕರು, ಚೀಟಿ ನಡೆಸುವವನು, ಹುಡುಗರು.

ಸಾಲಿನ ಮೊದಲಲ್ಲಿ ಶಶಿಕುಮಾರ್. ಆಧಾರ್ ಕಾರ್ಡಿನಲ್ಲಿರುವಂಥ ಫೋಟೋ. ಕೆಳಗೆ 'ಅಣ್ಣನ ಅಭಿಮಾನಿ'.

ನವೆಂಬರ್ 6, ಬುಧವಾರ

ಶೆಡ್ ತೆರೆದಿದೆ. ಯಾರೂ ಹೊಡೆದಿಲ್ಲ, ಬೈದಿಲ್ಲ.

"ಊರಿಗೆ ಹೋಗೋ ಹಿಂದಿನ ರಾತ್ರಿ ಅಣ್ಣಾನೇ ಮನೇಗ್ ಬಂದು ಫೋಟೋ ಬೇಕು ಅಂದ್ರು ಸಾರ್. ಎಷ್ಟು ಮರ್ಯಾದೆಯಿಂದ ಕೇಳಿದ್ರು ಗೊತ್ತಾ? ಮಗಳ ತಲೆ ಸವರಿದ್ರು. ಯಾವ ಸ್ಕೂಲಮ್ಮ ಅಂದ್ರು. ಕೊಟ್ಬಿಟ್ಟೆ."

ಹಳದಿ ನೀರಿಗಾಗಿ ಅವನ ಜೊತೆ ಮನವಿಗೆ ಸಹಿ ಹಾಕಿದ್ದ ಲೇಔಟಿನ ಜನ ಈಗ ಮುಖ ತಿರುಗಿಸುತ್ತಾರೆ. ನಾನಿದ್ದಾಗಲೇ ಒಬ್ಬ ಸ್ಕೂಟರ್ ನಿಲ್ಲಿಸಿ ಕೂಗಿದ: "ಏನಪ್ಪಾ ಶಶಿ, ನಿಮ್ಮಣ್ಣಂಗೆ ಹೇಳಿ ನಮ್ ಬೀದಿಗೊಂದು ಲೋಡ್ ಬೇಗ ಕಳ್ಸೋ!"

ಕ್ಷಮೆ ಕೇಳಿದೆ. ಶಶಿ ಗ್ರಿಲ್ ಉಜ್ಜತೊಡಗಿದ. ವನಜಾ ಹೇಳಿದರು.

"ಹೆಸರು ಬರೆಯಲ್ಲ ಅಂದ್ರಿ. ಹೆಸರೇನೋ ಬರೀಲಿಲ್ಲ ಬಿಡಿ."

ಟೀ ಕೊಡಲಿಲ್ಲ.

ನವೆಂಬರ್ 11, ಸೋಮವಾರ

ಸುಬ್ಬು ಸೊಪ್ಪು ತರಲು ಹೋದವಳು ಮೊಬೈಲಿನಲ್ಲಿ ಚಿತ್ರ ತಂದಳು. ಜಾಲಹಳ್ಳಿ ಕ್ರಾಸಿನಲ್ಲಿ ಇನ್ನೊಂದು ಫ್ಲೆಕ್ಸ್. 'ಶುಭ ಕೋರುವವರು: ಶ್ಯಾಮಸುಂದರ, ಹಿರಿಯ ಪತ್ರಕರ್ತರು'.

"ಫೋಟೋ ಚೆನ್ನಾಗಿದೆ ಕಣ್ರೀ. ನಮ್ಮ ಚಿಕ್ಕಪ್ಪನ ಮಗಳ ಮದುವೇದು. ಪಕ್ಕದಲ್ಲಿದ್ದ ನನ್ನ ಕತ್ತರಿಸಿದಾರೆ." ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಳುವುದು ಕೇಳಿಸಿತು.

ಮೇಲಿನ ಮನೆಯವರು ಅಭಿನಂದಿಸಿದರು. ರಾಜಕೀಯಕ್ಕಾ ಸಾರ್?

ಮೇಡಂ ನಂಬಿದರು, ಅದಕ್ಕೆ ಋಣಿ. ಆದರೆ ಅವರು ಹೇಳಿದ್ದೂ ಸರಿ. "ಈಗ ನಿಮ್ಮ ಹೆಸರಲ್ಲಿ ಬಂದ್ರೆ, ಪಾಲು ಸಿಗದೆ ತಿರುಗಿಬಿದ್ದ ಅಂತಾರೆ. ಅನಾಮಧೇಯ ಮೂಲ ಅಂದ್ರೆ ಯಾರು ನಂಬ್ತಾರೆ?"

ಇಪ್ಪತ್ತು ವರ್ಷ ಬರೆದಿದ್ದೇನೆ. ಬೆದರಿಕೆ ನೋಡಿದ್ದೇನೆ, ನೋಟಿಸ್ ನೋಡಿದ್ದೇನೆ. ಯಾರೂ ಹೀಗೆ ಅಪ್ಪಿಕೊಂಡಿರಲಿಲ್ಲ.

ನವೆಂಬರ್ 15, ಶುಕ್ರವಾರ

ವನಜಾ ಫೋನ್ ಮಾಡಿದರು, ತಾವಾಗಿಯೇ. ಭಾನುವಾರ ಸಂಜೆ ಸರ್ಕಲ್ಲಿನಲ್ಲಿ ರಾಜ್ಯೋತ್ಸವ ಕಾರ್ಯಕ್ರಮ. ಶಶಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. 'ಮಳೆನೀರು ಇಂಗಿಸಲು ನೆರವಾದ ಕುಶಲಕರ್ಮಿ'. ಮೈಕಿನಲ್ಲಿ ಅವನೇ ಹೇಳಬೇಕಂತೆ— ಮುಚ್ಚಳ ನಾನು ಮಾಡಿದ್ದು, ಅಣ್ಣ ಮಳೆ ನೀರಿಗೆ ಮಾಡಿಸಿದ್ದು ಎಂದು.

ಅದನ್ನು ಹೇಳಿದರೆ ಸ್ಟೋರಿ ಸತ್ತಿತು. ನಾಳೆ ಕೇಸಾದರೆ ಮೊದಲ ಆರೋಪಿಯೂ ಅವನೇ.

"ಇವ್ರು ಮೂರು ದಿನದಿಂದ ಊಟ ಮಾಡ್ತಿಲ್ಲ ಸಾರ್. ನೀವು ಬರೀರಿ. ಹೆಸರು ಹಾಕೇ ಬರೀರಿ. ಅವ್ನು ಹಾಕಿದ್ ಫೋಟೋ ಊರಿಗೆಲ್ಲ ಕಾಣ್ಬೇಕು, ನೀವ್ ಹಾಕೋದು ಕಾಣ್ಬಾರ್ದಾ?"

ನೀವು ಹೇಳಿದರೆ ಸಾಲದು, ಶಶಿ ಹೇಳಬೇಕು ಎಂದೆ. ಫೋನ್ ಅವನ ಕೈಗೆ ಹೋಯಿತು.

"ಬರ್ತೀನಿ ಸಾರ್. ಎಲ್ಲಿಗೆ ಬರ್ಲಿ?"

ನವೆಂಬರ್ 16, ಶನಿವಾರ

ಶಶಿ ಆಫೀಸಿಗೆ ಬಂದ. ಇಸ್ತ್ರಿ ಶರ್ಟು. ಮೇಡಂ ಎದುರು ಎಲ್ಲ ಹೇಳಿದ, ಕ್ಯಾಮೆರಾ ಮುಂದೆ. ಏನಾಗಬಹುದೆಂದು ಎರಡು ಸಲ ವಿವರಿಸಿದೆ.

"ಆಗೋದು ಆಗ್ಬಿಟ್ಟಿದೆ ಸಾರ್. ನಮ್ ಬೀದೀಲಿ ನಾನು ಕಳ್ಳ ಆಗ್ಬಿಟ್ಟಿದೀನಿ. ಅದೊಂದು ತೆಗೀರಿ ಸಾಕು."

ನಾಳೆ ಮುಖಪುಟ. ಬೈಲೈನ್ ಮೇಡಂದು. ಫ್ಲೆಕ್ಸಿನಲ್ಲಿ ನನ್ನ ಫೋಟೋ ಒಪ್ಪಿಗೆಯಿಲ್ಲದೆ ಬಳಸಿದ್ದು ಎಂದು ಕೆಳಗೊಂದು ಚೌಕಟ್ಟು. ನನ್ನ ಹೆಸರು ಚೌಕಟ್ಟಿನೊಳಗೆ ಮಾತ್ರ. ಪರವಾಗಿಲ್ಲ.

ಕೆಲವು ದಿನ ಅವರು ಊರಲ್ಲಿರುವುದು ಬೇಡ. ತುಮಕೂರಿನಲ್ಲಿ ವನಜಾ ತಾಯಿಯ ಮನೆ. ಬೆಳಗ್ಗೆ ಏಳಕ್ಕೆ ಆಫೀಸ್ ಕಾರು ಕಳಿಸುತ್ತೇನೆ ಎಂದೆ. ಠಾಣೆಗೂ ಮೇಡಂ ತಿಳಿಸಿದರು. ಬೀಟ್ ಪೊಲೀಸ್ ಒಂದು ಸುತ್ತು ಬರುತ್ತಾರಂತೆ.

ನವೆಂಬರ್ 17, ಭಾನುವಾರ

ಠಾಣೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಇನ್ಸ್‌ಪೆಕ್ಟರ್ ಬರುವ ಮೊದಲು ಎಲ್ಲ ಸರಿಯಾದ ಕ್ರಮದಲ್ಲಿ ಇರಬೇಕು.

ಪೇಪರ್ ಐದೂವರೆಗೆ ಬಂತು. ಚೆನ್ನಾಗಿ ಬಂದಿದೆ. ಶಶಿಯ ಫೋಟೋ ಮೂರು ಕಾಲಂ. ಶೀರ್ಷಿಕೆಯಲ್ಲಿ ತಪ್ಪಿಲ್ಲ. ಸುಬ್ಬು ಜೋರಾಗಿ ಓದಿದಳು.

ಏಳಕ್ಕೆ ನಮ್ಮ ಡ್ರೈವರ್ ಚಿರಂಜೀವಿಯ ಫೋನ್. "ಸಾರ್, ಮನೆ ಮುಂದಿದೀನಿ. ಆಗ್ಲೇ ಒಂದು ಕಾರ್ ಬಂದು ಹೋಯ್ತಂತಲ್ಲ?"

ಯಾವ ಕಾರು?

ಆಮೇಲೆ ವನಜಾ: "ನೀವೇ ಕಳ್ಸಿದ್ರಲ್ಲ ಸಾರ್? ಶ್ಯಾಮಸುಂದರ ಸಾರ್ ಕಳ್ಸಿದ್ದು ಅಂದ್ರು. ಶೆಡ್ ಮುಂದೆ ಇನ್ನೊಂದು ಫೋಟೋ ತೆಗೀಬೇಕು ಅಂತ ಇವ್ರನ್ನ ಕರ್ಕೊಂಡ್ ಹೋದ್ರು. ನಾವೂ ಬರ್ಬೇಕಲ್ಲ ಅಂದಿದ್ದಕ್ಕೆ, ಆಮೇಲೆ ಬಂದು ನಿಮ್ಮನ್ನೂ ಹತ್ತಿಸ್ಕೊಳ್ತೀವಿ ಅಂದ್ರು."

ನಾನು ಕಳಿಸಿರಲಿಲ್ಲ. ಕಾರಿನ ವಿಷಯ ಬಂದವರಿಗೆ ಹೇಗೆ ತಿಳಿಯಿತು ಎಂದು ಯೋಚಿಸುತ್ತಿದ್ದೆ. ತಿಳಿಯುವ ಅಗತ್ಯವೇ ಇರಲಿಲ್ಲ. ನನ್ನ ಹೆಸರೊಂದು ಸಾಕಿತ್ತು.

ಶೆಡ್ಡಿಗೆ ಹೋದೆ. ಬೀಗ. ಬೀಟ್ ಪೊಲೀಸ್ ಬಂದಿದ್ದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಸರ್ಕಲ್ಲಿನಲ್ಲಿ ಹುಡುಗರು ವೇದಿಕೆಗೆ ಕುರ್ಚಿ ಇಳಿಸುತ್ತಿದ್ದಾರೆ. ಕಾರ್ಯಕ್ರಮ ನಿಂತಿಲ್ಲ.

ಗೊತ್ತಿರುವುದು: ಬಿಳಿ ಕಾರು. ಇಬ್ಬರು. ಒಬ್ಬನ ಕುತ್ತಿಗೆಯಲ್ಲಿ ಐಡಿ ಕಾರ್ಡಿನಂಥ ಟ್ಯಾಗ್. ನಂಬರ್ ಯಾರೂ ನೋಡಿಲ್ಲ. ಶಶಿ ನೀಲಿ ಶರ್ಟು, ಕಾಲಲ್ಲಿ ಚಪ್ಪಲಿ. ಹೋಗುವಾಗ ನಗುತ್ತಿದ್ದ— ಇದು ವನಜಾ ಹೇಳಿದ್ದು. ಬೀದಿಯ ಇಬ್ಬರು ಪೇಪರ್ ಹಿಡಿದುಕೊಂಡು ಬಂದು ಕೈ ಕುಲುಕಿದರಂತೆ. ಸ್ಕೂಟರಿನವನೂ ಬಂದಿದ್ದನಂತೆ.

ವನಜಾ ಪಕ್ಕದಲ್ಲೇ ಕೂತಿದ್ದಾರೆ. ಮಗಳು ಅವರ ಭುಜಕ್ಕೆ ಒರಗಿ ನಿದ್ದೆ ಮಾಡಿದ್ದಾಳೆ. ಏನು ಬರೀತಿದೀರ ಸಾರ್ ಎಂದರು. ಆದದ್ದನ್ನು ಎಂದೆ. "ಬರೀರಿ," ಎಂದರು.

ಅವರ ಫೋನ್ ರಿಂಗ್ ಆಗುತ್ತಿದೆ. ಶಶಿಯ ನಂಬರ್. ಅವರು ಎತ್ತುತ್ತಿಲ್ಲ. ಫೋನನ್ನು ನನ್ನ ಕಡೆ ಚಾಚಿದ್ದಾರೆ. ಪೆನ್ನು ಕೆಳಗಿಟ್ಟು ಎತ್ತುತ್ತೇನೆ.